ಘಟ್ಟ ಇಳಿದ ರಜೆ

ಭೂಪಟದ ಮೇಲೆ ಬೀರೂರಿನಿಂದ ಪಶ್ಚಿಮಕ್ಕೆ ನೇರವಾಗಿ ಒಂದು ಗೆರೆ ಎಳೆದರೆ ಸುಮಾರು 140 ಕಿ.ಮೀ. ದೂರದಲ್ಲಿ ಅದು ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ಬೆಂಗಳೂರು ಅದಕ್ಕಿಂತ ದೂರ. ಆದರೂ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳಬರಿಗೆ ಬೆಂಗಳೂರು ಸಂತೆ, ಕಚೇರಿ, ನೆಂಟಸ್ತಿಕೆಗಳ ಊರಾದರೆ, ಸಮುದ್ರವೆಂಬುದು ಪುರಾಣದಲ್ಲಿ ಕೇಳಿದ, ತೀರ್ಥಯಾತ್ರೆಯಲ್ಲಿ ಒಮ್ಮೆ ಕಂಡರೆ ಕಂಡ ವಸ್ತುವಾಗಿತ್ತು. ಇಂದು ಅದೇ ಸೀಮೆಯ ಕುಟುಂಬಗಳು ಏಪ್ರಿಲ್–ಮೇ ತಿಂಗಳ ರಜೆಯಲ್ಲೋ ದಸರಾ ಬಿಡುವಿನಲ್ಲೋ ಮಕ್ಕಳು ಮರಿಗಳೊಂದಿಗೆ ಮಲ್ಪೆ, ಮುರ್ಡೇಶ್ವರ, ಗೋಕರ್ಣಗಳ ಮರಳಿನ ಮೇಲೆ ಕೂತು ಸಂಜೆ ಕಳೆಯುತ್ತವೆ.

ನೋಡುವುದಕ್ಕೆ ಇದು ಸಣ್ಣ ಬದಲಾವಣೆ. ಆದರೆ ಇದರ ಹಿಂದೆ ರೈಲಿನ ಚರಿತ್ರೆಯಿದೆ, ರಾಜ್ಯದ ಗಡಿಗಳ ಚರಿತ್ರೆಯಿದೆ, ದುಡಿಮೆ ಮತ್ತು ರಜೆಗಳ ಕಾನೂನಿನ ಚರಿತ್ರೆಯಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಏನೂ ಮಾಡದೆ ಸುಮ್ಮನೆ ಕೂರುವುದು ಸೋಮಾರಿತನವೋ ಅಥವಾ ಮನುಷ್ಯನಿಗೆ ಸಲ್ಲಬೇಕಾದ ಹಕ್ಕೋ ಎಂಬ ಹಳೆಯ ಪ್ರಶ್ನೆಯಿದೆ.

ಉಪ್ಪು ಮೊದಲು, ಅಲೆ ಆಮೇಲೆ

ಬಯಲುಸೀಮೆಗೆ ಕಡಲು ಮೊದಲು ಬಂದದ್ದು ಉಪ್ಪಿನ ರೂಪದಲ್ಲಿ. ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಆಗರಗಳಲ್ಲಿ ಬೆಳೆದ ಉಪ್ಪು ಎತ್ತುಗಳ ಬೆನ್ನೇರಿ ಘಟ್ಟ ಹತ್ತುತ್ತಿತ್ತು. ಮೇಲಿನ ಸೀಮೆಯ ಅಡಿಕೆ, ಮೆಣಸು, ಧಾನ್ಯಗಳು ಅದೇ ದಾರಿಯಲ್ಲಿ ಕೆಳಗಿಳಿಯುತ್ತಿದ್ದವು. ಟಿಪ್ಪುವಿನ ಪತನದ ನಂತರ, 1800–01ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಘಟ್ಟದ ದಾರಿಗಳನ್ನೂ ಅವುಗಳ ವ್ಯಾಪಾರವನ್ನೂ ವಿವರವಾಗಿ ದಾಖಲಿಸಿದ್ದಾನೆ. ಆ ದಾರಿಗಳಲ್ಲಿ ನಡೆದವರು ವರ್ತಕರು, ಹೇರೆತ್ತಿನವರು, ಸೈನಿಕರು, ಯಾತ್ರಿಕರು. ಹವೆ ಬದಲಾವಣೆಗೆಂದು ಹೆಂಡತಿ ಮಕ್ಕಳನ್ನು ಕರೆದುಕೊಂಡು ಘಟ್ಟ ಇಳಿಯುವುದು ಆ ಕಾಲದ ಕಲ್ಪನೆಗೆ ನಿಲುಕದ ಸಂಗತಿ.

ಯಾತ್ರಿಕರಿಗೂ ಸಮುದ್ರ ಆಟದ ಜಾಗವಾಗಿರಲಿಲ್ಲ. ಅಶ್ವತ್ಥ ಮರವನ್ನೂ ಸಮುದ್ರವನ್ನೂ ಪೂಜಿಸಬೇಕು, ಆದರೆ ಬೇಕೆಂದಾಗಲೆಲ್ಲ ಮುಟ್ಟಬಾರದು ಎಂಬುದು ಹಿಂದಿನವರ ನಿಯಮ. ಅಶ್ವತ್ಥಕ್ಕೆ ಶನಿವಾರ, ಸಮುದ್ರಕ್ಕೆ ಅಮಾವಾಸ್ಯೆ, ಹುಣ್ಣಿಮೆ, ಗ್ರಹಣದಂಥ ಪರ್ವಕಾಲ. ಗೋಕರ್ಣಕ್ಕೆ ಹೋದವರು ಸಮುದ್ರದಲ್ಲಿ ಮಿಂದು, ಕೋಟಿತೀರ್ಥದಲ್ಲಿ ಮಿಂದು, ಮಹಾಬಲೇಶ್ವರನ ದರ್ಶನ ಮಾಡುತ್ತಿದ್ದರು. ಉಡುಪಿಗೆ ಹೋದವರು ಮಲ್ಪೆಯ ವಡಭಾಂಡೇಶ್ವರಕ್ಕೂ ಹೋಗುತ್ತಿದ್ದರು. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಪಾರುಮಾಡಿ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯಿಂದ ಕೃಷ್ಣನ ವಿಗ್ರಹವನ್ನು ಪಡೆದರೆಂಬ ಐತಿಹ್ಯ ಈ ತೀರದ್ದು. ಹೀಗೆ ಕಡಲಿಗೂ ಮನುಷ್ಯನಿಗೂ ನಡುವೆ ಒಂದು ಸಂಕಲ್ಪ, ಮೂರು ಮುಳುಗು, ಒಂದು ಅರ್ಘ್ಯವಿತ್ತು. ಮಿಂದವರು ಬಟ್ಟೆ ಹಿಂಡಿಕೊಂಡು ದೇವಸ್ಥಾನದ ಕಡೆ ಹೊರಡುತ್ತಿದ್ದರೇ ಹೊರತು ಮರಳಿನ ಮೇಲೆ ಕಾಲು ಚಾಚಿ ಕೂರುತ್ತಿರಲಿಲ್ಲ.

ಕಡಲನ್ನು ಹೀಗೆ ಅಂಜಿಕೆಯಿಂದ ನೋಡುವುದು ಭಾರತೀಯರ ಲಕ್ಷಣ ಮಾತ್ರವೆಂದು ತಿಳಿಯಬೇಕಾಗಿಲ್ಲ. ಯೂರೋಪಿನಲ್ಲೂ 18ನೆಯ ಶತಮಾನದ ಮಧ್ಯಭಾಗದವರೆಗೆ ಸಮುದ್ರತೀರವೆಂದರೆ ಹಡಗು ಒಡೆಯುವ, ಕಡಲ್ಗಳ್ಳರು ಬಂದಿಳಿಯುವ ಜಾಗ. ಇಂಗ್ಲೆಂಡಿನ ರಿಚರ್ಡ್ ರಸೆಲ್ ಎಂಬ ವೈದ್ಯ 1750ರಲ್ಲಿ ಲ್ಯಾಟಿನ್ನಿನಲ್ಲೂ 1752ರಲ್ಲಿ ಇಂಗ್ಲಿಷಿನಲ್ಲೂ ಹೊರಬಂದ ತನ್ನ ಗ್ರಂಥದಲ್ಲಿ, ಗ್ರಂಥಿಗಳ ಕಾಯಿಲೆಗೆ ಸಮುದ್ರದ ನೀರು ಔಷಧವೆಂದು ಸಾರಿದ. ಮೀಯುವುದಷ್ಟೇ ಅಲ್ಲ, ಕುಡಿಯಬೇಕೆಂದೂ ಹೇಳಿದ. ರೋಗಿಗಳು ಬ್ರೈಟನ್ನಿಗೆ ಮುಗಿಬಿದ್ದರು. ರೋಗಿಗಳ ಹಿಂದೆ ಸಿರಿವಂತರು, ಅವರ ಹಿಂದೆ ಅರಸುಮನೆಯವರು ಬಂದರು. 1841ರಲ್ಲಿ ಲಂಡನ್–ಬ್ರೈಟನ್ ರೈಲು ಓಡತೊಡಗಿದ ಮೇಲೆ ಸಾಮಾನ್ಯರೂ ಬಂದರು. ಫ್ರೆಂಚ್ ಇತಿಹಾಸಕಾರ ಅಲೇನ್ ಕೊರ್ಬಾ, 1750ರಿಂದ 1840ರ ನಡುವೆ ಪಶ್ಚಿಮದ ಜನರಿಗೆ ಕಡಲ ದಂಡೆಯ ಮೇಲೆ ಆಸೆ ಹುಟ್ಟಿದ ಬಗೆಯನ್ನೇ ಒಂದು ಪುಸ್ತಕವಾಗಿ ಬರೆದಿದ್ದಾನೆ. ಅಲ್ಲಿಯೂ ಮೊದಲು ಔಷಧಿಯ ನೆಪ ಬೇಕಾಯಿತು, ಇಲ್ಲಿ ಪುಣ್ಯದ ನೆಪ ಬೇಕಾದಂತೆ. ನೆಪವಿಲ್ಲದೆ ಸುಮ್ಮನೆ ಕೂರಲು ಮನುಷ್ಯನಿಗೆ ಎಲ್ಲೆಡೆಯೂ ಸಂಕೋಚವೇ.

ಕಾರವಾರದಲ್ಲಿ ಒಂದು ಕುಟುಂಬ

ಕನ್ನಡ ನಾಡಿನ ಕರಾವಳಿಯಲ್ಲಿ ಇಂದಿನ ಅರ್ಥದ ಕುಟುಂಬ ವಿಶ್ರಾಂತಿಯ ಪ್ರಸಿದ್ಧ ದಾಖಲೆಯೊಂದು ಉಳಿದಿರುವುದು ಬಂಗಾಳಿ ಭಾಷೆಯಲ್ಲಿ ಎಂಬುದು ಸ್ವಾರಸ್ಯಕರ. ಭಾರತೀಯರ ಪೈಕಿ ಮೊದಲ ಐ.ಸಿ.ಎಸ್. ಅಧಿಕಾರಿಯಾದ ಸತ್ಯೇಂದ್ರನಾಥ ಟಾಗೋರರು 1880ರ ದಶಕದ ಆರಂಭದಲ್ಲಿ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಕಲ್ಕತ್ತೆಯಿಂದ ಬಂದು ಅವರೊಂದಿಗೆ ತಂಗಿದ ಬಂಧುಗಳಲ್ಲಿ 22 ವರ್ಷದ ತಮ್ಮ ರವೀಂದ್ರನಾಥನೂ ಇದ್ದ.

ಬಹುಕಾಲದ ನಂತರ, 1912ರಲ್ಲಿ ಪುಸ್ತಕವಾಗಿ ಬಂದ ತಮ್ಮ ‘ಜೀವನಸ್ಮೃತಿ’ಯಲ್ಲಿ ರವೀಂದ್ರರು ಕಾರವಾರವನ್ನು ನೆನೆದಿದ್ದಾರೆ. ಬೆಟ್ಟಗಳು ಸುತ್ತುವರಿದ ಅರ್ಧಚಂದ್ರಾಕಾರದ ಕೊಲ್ಲಿ, ಗಾಳಿಮರಗಳ ಸಾಲು, ವಿಶಾಲವಾದ ಮರಳ ದಂಡೆ. ಒಂದು ಬೆಳದಿಂಗಳ ರಾತ್ರಿ ಮನೆಯವರೆಲ್ಲ ದೋಣಿಯಲ್ಲಿ ಕಾಳಿ ನದಿಯ ಮೇಲ್ಭಾಗಕ್ಕೆ ಹೋಗಿ, ಶಿವಾಜಿಯ ಕಾಲದ್ದೆನ್ನುವ ಬೆಟ್ಟದ ಕೋಟೆಯ ಬಳಿ ಇಳಿದು, ಹೊಳೆಯ ಸೆಳೆತಕ್ಕೆ ದೋಣಿ ಬಿಟ್ಟುಕೊಂಡು ಹಿಂದಿರುಗುತ್ತಾರೆ. ಅಳಿವೆಯ ಹತ್ತಿರ ದೋಣಿಯಿಂದಿಳಿದು ಮರಳಿನ ಮೇಲೆ ನಡೆದೇ ಮನೆ ಸೇರುತ್ತಾರೆ. ಅಲೆಯ ಸದ್ದಿಲ್ಲ, ಗಾಳಿಮರಗಳ ಸುಯ್ಯೆನ್ನುವ ಸದ್ದೂ ಇಲ್ಲ. ಆ ರಾತ್ರಿ ಅವರು ಒಂದು ಕವಿತೆ ಬರೆದರು. ಆದರೆ ಭಾವನೆಯಲ್ಲಿ ಮುಳುಗಿರುವಾಗಲೇ ಬರೆದದ್ದು ಒಳ್ಳೆಯ ಕವಿತೆಯಾಗಬೇಕೆಂದಿಲ್ಲ, ಅನುಭವದಿಂದ ತುಸು ದೂರ ಸರಿದ ಮೇಲೆಯೇ ಅದು ಪಕ್ವವಾಗುತ್ತದೆ ಎಂಬ ಅರ್ಥದ ಮಾತನ್ನೂ ಅಲ್ಲಿಯೇ ಸೇರಿಸಿದ್ದಾರೆ.

‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಅವರು ರಚಿಸಿದ್ದೂ ಕಾರವಾರದಲ್ಲಿಯೇ. ಲೋಕದ ಬಂಧಗಳನ್ನೆಲ್ಲ ಕಡಿದುಕೊಂಡೆನೆಂದು ಬೀಗುವ ಸನ್ಯಾಸಿಯೊಬ್ಬನನ್ನು ಅನಾಥ ಬಾಲೆಯೊಬ್ಬಳ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುವುದು ಅದರ ವಸ್ತು. ಕಾರವಾರದ ಕಡಲತೀರಕ್ಕೆ ಇಂದು ರವೀಂದ್ರರ ಹೆಸರೇ ಇದೆ. ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಆ ಕುಟುಂಬಕ್ಕೆ ನ್ಯಾಯಾಧೀಶರ ಬಂಗಲೆಯಿತ್ತು, ಆಳುಕಾಳುಗಳಿದ್ದರು, ಜೊತೆಗೆ ಬೇಕಾದಷ್ಟು ದಿನಗಳಿದ್ದವು. ಬಿಗಿದ ಮನಸ್ಸು ತಾನಾಗಿ ಸಡಿಲವಾಗಲು ಬೇಕಾದದ್ದು ಈ ಕೊನೆಯ ವಸ್ತು. ಅದೇ ಸಾಮಾನ್ಯರಿಗೆ ಸಿಗದ ವಸ್ತು.

ಕಡಲಿಲ್ಲದ ರಾಜ್ಯ, ಕಡಲಿಗೆ ಹೋಗದ ರೈಲು

ಬೀರೂರಿನ ಮಾತಿಗೆ ಬಂದರೆ, ಈ ಊರಿಗೆ ದಾರಿಗಳ ಕೊರತೆ ಯಾವತ್ತೂ ಇರಲಿಲ್ಲ. ಬೆಂಗಳೂರಿನಿಂದ ಹರಿಹರದ ಕಡೆಗೆ ಹೋದ ಮೀಟರ್ ಗೇಜ್ ಹಳಿ 1880ರ ದಶಕದ ಕೊನೆಯಲ್ಲಿ ಇಲ್ಲಿ ಹಾದುಹೋಯಿತು. 1899ರಲ್ಲಿ ಶಿವಮೊಗ್ಗದ ಕವಲು ಸೇರಿ ಬೀರೂರು ಜಂಕ್ಷನ್ ಆಯಿತು. ತೆಂಗು, ಕೊಬ್ಬರಿ, ಅಡಿಕೆಯ ವ್ಯಾಪಾರಕ್ಕೂ ದಸರೆಯಲ್ಲಿ ಮೈಲಾರಲಿಂಗಸ್ವಾಮಿಯ ಕಾರಣಿಕ ಕೇಳುವುದಕ್ಕೂ ಜನ ಸೇರುವ ಊರು, ರೈಲು ಬದಲಿಸುವವರ ಊರೂ ಆಯಿತು. ಶಿವಮೊಗ್ಗದಿಂದ ಮುಂದಕ್ಕೆ ಹಂತಹಂತವಾಗಿ ಬೆಳೆದ ಹಳಿ ಸಾಗರವನ್ನು ದಾಟಿ 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಅಲ್ಲಿಂದ ಹೊನ್ನಾವರದ ಕಡಲು ಅರುವತ್ತು–ಎಪ್ಪತ್ತು ಕಿ.ಮೀ. ಹಳಿ ಅಲ್ಲಿಯೇ ನಿಂತಿತು. ಮಾರ್ಗ ಬ್ರಾಡ್ ಗೇಜ್ ಆಗಿ 2011ರಲ್ಲಿ ತಾಳಗುಪ್ಪಕ್ಕೆ ರೈಲು ಮತ್ತೆ ಬಂದರೂ ಹಳಿಯ ಕೊನೆ ಮಾತ್ರ ಹಿಂದಿನ ಜಾಗದಲ್ಲೇ ಇದೆ. ಎದುರಿಗೆ ಘಟ್ಟವಿದೆ, ದಟ್ಟ ಕಾಡಿದೆ.

ಆಗ ಅಡ್ಡಿಯಾಗಿದ್ದುದು ಘಟ್ಟ ಮಾತ್ರವಲ್ಲ, ಗಡಿ ಕೂಡ. 1956ಕ್ಕೆ ಮುಂಚೆ ಮೈಸೂರು ರಾಜ್ಯಕ್ಕೆ ಸಮುದ್ರವೇ ಇರಲಿಲ್ಲ. ದಕ್ಷಿಣ ಕನ್ನಡ ಮದರಾಸಿನದು, ಉತ್ತರ ಕನ್ನಡ ಮುಂಬಯಿಯದು. ಭಟ್ಕಳದಲ್ಲಿ ಬಂದರು ಪಡೆದು ಅಲ್ಲಿಗೆ ರೈಲು ಹಾಕಬೇಕೆಂಬ ಯೋಚನೆ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಬಲವಾಗಿತ್ತಾದರೂ ಅದು ಕೈಗೂಡಲಿಲ್ಲ. ಮಂಗಳೂರಿಗೆ ರೈಲು 1907ರಲ್ಲೇ ಬಂದಿತ್ತು, ಆದರೆ ಮಲಬಾರಿನ ಕಡೆಯಿಂದ. ಬೀರೂರಿನವರು ರೈಲಿನಲ್ಲೇ ಮಂಗಳೂರಿಗೆ ಹೋಗಬೇಕೆಂದರೆ ಬೆಂಗಳೂರು, ಪಾಲಕ್ಕಾಡುಗಳನ್ನು ಬಳಸಿ ಹೋಗಬೇಕಿತ್ತು.

ಇನ್ನೊಂದು ವಿಚಿತ್ರವೂ ಉಂಟು. ಬೀರೂರಿನಿಂದ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್ ಮೂಲಕ ಗೋವೆಯ ಮರ್ಮಗೋವೆಗೆ ಅದೇ ಮೀಟರ್ ಗೇಜ್ ಹಳಿಯ ಸಂಪರ್ಕವಿತ್ತು. ಅಂದರೆ ಈ ಊರಿನಿಂದ ಹಳಿಯ ಮೇಲೆ ತಲುಪಬಹುದಾಗಿದ್ದ ಸಮೀಪದ ಕಡಲು ಪೋರ್ಚುಗೀಸರ ಕಡಲು! ಗೋವೆಯ ವಿಮೋಚನೆಯ ಹೋರಾಟ ಬಿಸಿಯೇರಿದ 1955ರಲ್ಲಿ ಆ ಗಡಿ ದಾಟುವ ರೈಲು ಸಂಚಾರವೂ ನಿಂತಿತು. 1961ರ ಡಿಸೆಂಬರಿನಲ್ಲಿ ಗೋವೆ ಭಾರತಕ್ಕೆ ಸೇರಿದ ಮೇಲೆಯೇ ಆ ದಾರಿ ಮತ್ತೆ ತೆರೆದುಕೊಂಡಿತು.

ಘಟ್ಟದ ಗೋಡೆಯನ್ನು ಹಳಿಗಳು ಕೊರೆದದ್ದು ಬಹಳ ತಡವಾಗಿ. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ತೆರೆಯಿತು. ಸಕಲೇಶಪುರ–ಸುಬ್ರಹ್ಮಣ್ಯಗಳ ನಡುವೆ 57 ಸುರಂಗಗಳ ಆ ದಾರಿ ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿ, ಪ್ರಯಾಣಿಕರಿಗೆ ಮತ್ತೆ ದೊರೆತದ್ದು 2007ರ ಡಿಸೆಂಬರಿನಲ್ಲಿ. ಕರಾವಳಿಯ ಉದ್ದಕ್ಕೆ ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಹೀಗಾಗಿ ಬೀರೂರಿನ ಮಂದಿಯನ್ನು ನಿಜವಾಗಿ ಕಡಲಿಗೆ ಮುಟ್ಟಿಸಿದ್ದು ರೈಲಿಗಿಂತ ಹೆಚ್ಚಾಗಿ ಬಸ್ಸು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಯುವ ಸಣ್ಣ ಬಸ್ಸುಗಳು, ಚಾರ್ಮಾಡಿಯ ಬಸ್ಸುಗಳು, ಕೊನೆಗೆ ಮನೆಮಂದಿಯೆಲ್ಲ ಹಿಡಿಸುವ ಬಾಡಿಗೆ ವ್ಯಾನುಗಳು. ಇದಲ್ಲದೆ ಬೀರೂರಿನ ನಡುವೆಯೇ ಹಾದುಹೋಗುವ ಹೆದ್ದಾರಿ, ಹಿಂದೆ 206 ಎಂದೂ ಈಗ 69 ಎಂದೂ ಸಂಖ್ಯೆ ಪಡೆದಿರುವ ರಸ್ತೆ, ತರೀಕೆರೆ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದಲ್ಲಿ ಕಡಲಂಚಿಗೆ ಹೋಗಿ ಮುಗಿಯುತ್ತದೆ.

ರಜೆ ಎಂಬ ಮಾತು

ದಾರಿಯಿದ್ದರೆ ಸಾಲದು, ದಿನಗಳೂ ಬೇಕು. ‘ರಜೆ’ ಎಂಬ ಪದವನ್ನೇ ನೋಡಬಹುದು. ಅರಬ್ಬಿಯಿಂದ ಹೊರಟು ಆಡಳಿತದ ಭಾಷೆಯ ಮೂಲಕ ಕನ್ನಡಕ್ಕೆ ಬಂದ ಈ ಶಬ್ದದ ಮೂಲಾರ್ಥ ಒಪ್ಪಿಗೆ, ಅಪ್ಪಣೆ. ಅಂದರೆ ಯಜಮಾನ ಒಪ್ಪಿದರೆ ಸಿಗುವಂಥದು. ಇದಕ್ಕೆ ಎದುರಾಗಿ ‘ಬಿಡುವು’ ಅಚ್ಚಗನ್ನಡ ಪದ. ಕೆಲಸ ತಾನಾಗಿ ಕೈಬಿಟ್ಟಾಗ ಬರುವುದು ಬಿಡುವು. ಒಕ್ಕಲುತನದ ಬದುಕಿಗೆ ಬಿಡುವಿತ್ತು, ರಜೆಯಿರಲಿಲ್ಲ. ಸುಗ್ಗಿ ಮುಗಿದು ಮುಂಗಾರು ಬರುವವರೆಗಿನ ದಿನಗಳಲ್ಲಿ ಜಾತ್ರೆ, ಮದುವೆ, ನೆಂಟರ ಮನೆ ಎಲ್ಲವೂ ಮುಗಿಯಬೇಕು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ಕಡೂರಿನ ಬಯಲಿನಲ್ಲಿ ಆ ಬಿಡುವಿನ ಹಿಂದೆ ಬರಗಾಲದ ಚಿಂತೆಯೂ ಇರುತ್ತಿತ್ತು.

ಸಂಬಳ ಸಹಿತವಾದ ರಜೆ ಇಪ್ಪತ್ತನೆಯ ಶತಮಾನದ ಕಾರ್ಮಿಕ ಚಳವಳಿಗಳ ಫಲ. ಫ್ರಾನ್ಸಿನ ದುಡಿಯುವ ಜನ 1936ರ ಮುಷ್ಕರಗಳ ನಂತರ ವರ್ಷಕ್ಕೆ ಎರಡು ವಾರಗಳ ಸಂಬಳ ಸಹಿತ ರಜೆ ಪಡೆದು, ಆ ಬೇಸಿಗೆಯಲ್ಲಿ ಎಷ್ಟೋ ಮಂದಿ ಮೊದಲ ಬಾರಿಗೆ ಕಡಲನ್ನು ಕಂಡರು. ಬ್ರಿಟನ್ನಿನಲ್ಲಿ ಈ ಕುರಿತ ಶಾಸನ 1938ರಲ್ಲಿ ಬಂತು. ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯ್ದೆ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ವಯಸ್ಕ ಕಾರ್ಮಿಕನಿಗೆ ಸಂಬಳ ಸಹಿತ ರಜೆ ಸಲ್ಲಬೇಕೆಂಬ ತತ್ವವನ್ನು ನೆಲೆಗೊಳಿಸಿತು.

1956ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರಿಗೆ ರಜೆ ಪ್ರಯಾಣ ರಿಯಾಯಿತಿಯನ್ನು, ಅಂದರೆ ಎಲ್ಲರ ಬಾಯಲ್ಲಿರುವ ‘ಎಲ್.ಟಿ.ಸಿ.’ಯನ್ನು, ಜಾರಿಗೆ ತಂದಿತು. ಮೊದಲಿಗೆ ಅದು ಸ್ವಂತ ಊರಿಗೆ ಹೋಗಿಬರುವುದಕ್ಕೆ ಮಾತ್ರ. ದೇಶದ ಯಾವ ಭಾಗಕ್ಕಾದರೂ ಸಂಸಾರ ಸಮೇತ ಹೋಗುವ ಅವಕಾಶ ನಂತರದ್ದು. ಅದಾದ ಕೆಲವೇ ದಿನಗಳಲ್ಲಿ, ನವೆಂಬರ್ 1ರಂದು, ಭಾಷಾವಾರು ಪ್ರಾಂತ್ಯ ರಚನೆಯಾಗಿ ಎರಡೂ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಜ್ಯಕ್ಕೆ ಕಡಲು ಬಂದದ್ದೂ ನೌಕರನಿಗೆ ಪ್ರಯಾಣದ ರಜೆ ಬಂದದ್ದೂ ಒಂದೇ ವರ್ಷದ ಒಂದೇ ಕಾಲದಲ್ಲಿ ಎಂಬುದು ಕೇವಲ ಕಾಕತಾಳೀಯ. ಆದರೆ ಮುಂದೆ ಇವೆರಡೂ ಒಂದಕ್ಕೊಂದು ಕೂಡಿಕೊಂಡವು. ಬೀರೂರಿನಂಥ ರೈಲ್ವೆ ಊರುಗಳಲ್ಲಿ ಕುಟುಂಬಕ್ಕೂ ಅನ್ವಯಿಸುವ ಉಚಿತ ಪಾಸ್ ಪಡೆಯುವ ನೌಕರರಿದ್ದುದರಿಂದ, ದೂರದ ಊರು ನೋಡಿಬರುವ ಅಭ್ಯಾಸಕ್ಕೆ ಅಲ್ಲಿ ಇನ್ನೊಂದು ಬಾಗಿಲೂ ಇತ್ತು.

ಮೂರು ದಿನಕ್ಕೆ ಏಳು ಕ್ಷೇತ್ರ

ಹಾಗೆಂದು ಘಟ್ಟ ಇಳಿದವರು ಕೂಡಲೇ ವಿಶ್ರಾಂತಿಗೆ ತೊಡಗಿದರೆಂದಲ್ಲ. ಬಯಲುಸೀಮೆಯ ಕುಟುಂಬ ಪ್ರವಾಸಕ್ಕೆ ತನ್ನದೇ ಆದ ಒಂದು ಮಾದರಿಯಿದೆ. ನಸುಕಿನಲ್ಲಿ ಹೊರಟು ಶೃಂಗೇರಿ ಅಥವಾ ಹೊರನಾಡು, ಅಲ್ಲಿಂದ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಮುರ್ಡೇಶ್ವರ, ಸಮಯವಿದ್ದರೆ ಗೋಕರ್ಣ, ಬರುವಾಗ ಜೋಗ. ಮೂರು ದಿನಕ್ಕೆ ಏಳು ಕ್ಷೇತ್ರ. ಕಡಲಿಗೆ ಇದರಲ್ಲಿ ಸಿಗುವುದು ಎರಡು ದರ್ಶನಗಳ ನಡುವಿನ ಮುಕ್ಕಾಲು ಗಂಟೆ. ಅಷ್ಟರಲ್ಲಿ ಮಕ್ಕಳು ನೀರಿಗಿಳಿಯಬೇಕು, ಹಿರಿಯರು ಕಾಲು ತೋಯಿಸಿಕೊಳ್ಳಬೇಕು, ಫೋಟೋ ಆಗಬೇಕು, ಚುರುಮುರಿ ತಿನ್ನಬೇಕು, ಮರಳು ಕೊಡವಿಕೊಂಡು ವ್ಯಾನು ಹತ್ತಬೇಕು. ಊರಿಗೆ ಬಂದ ಮೇಲೆ ಪ್ರವಾಸದ ಆಯಾಸ ಕಳೆಯಲು ಇನ್ನೊಂದು ದಿನ ರಜೆ ಹಾಕುವುದೂ ಉಂಟು.

ಇದನ್ನು ಗೇಲಿ ಮಾಡುವುದು ಸುಲಭ. ಆದರೆ ವರ್ಷವಿಡೀ ಕೂಡಿಟ್ಟ ಹಣದಲ್ಲಿ ಹೊರಡುವ ಕುಟುಂಬಕ್ಕೆ ಖರ್ಚಿಗೆ ತಕ್ಕ ಪುಣ್ಯವೂ ನೋಟವೂ ದೊರೆಯಬೇಕೆನ್ನಿಸುವುದು ಸಹಜವೇ. ಸುಮ್ಮನೆ ಕೂತು ಬಂದೆವೆಂದು ನೆರೆಯವರಿಗೆ ಹೇಳುವುದು ಹೇಗೆ? ಹಿಂದಿನವರ ಸಂಕಲ್ಪದ ಜಾಗದಲ್ಲಿ ಈಗ ಪಟ್ಟಿ ಬಂದಿದೆ ಎಂದರೂ ನಡೆದೀತು.

ಇಂಥ ಅವಸರದ ಪ್ರವಾಸದಿಂದ ದಣಿವು ಆರುತ್ತದೆಯೇ ಎಂಬುದನ್ನು ಸಂಶೋಧಕರು ಪರೀಕ್ಷಿಸಿದ್ದಾರೆ. ಜೆಸಿಕಾ ದ ಬ್ಲೂಮ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ನೆದರ್ಲೆಂಡ್ಸಿನ 54 ಉದ್ಯೋಗಿಗಳ ದೀರ್ಘ ರಜೆಯನ್ನು ಅಭ್ಯಾಸಮಾಡಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ರಜೆಯ ಆರಂಭದಲ್ಲೇ ನೆಮ್ಮದಿ ಹೆಚ್ಚತೊಡಗಿದರೂ ಅದು ತುತ್ತತುದಿಗೆ ಮುಟ್ಟುವುದು ಸುಮಾರು ಎಂಟನೆಯ ದಿನ. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಆ ಲಾಭ ಕರಗಿಹೋಗುತ್ತದೆ. ಸಣ್ಣ ಗುಂಪಿನ ಅಧ್ಯಯನವಾದ್ದರಿಂದ ಎಂಟು ಎಂಬುದನ್ನು ಮಂತ್ರದ ಸಂಖ್ಯೆಯೆಂದು ತಿಳಿಯಬಾರದು. ಆದರೆ ಅದು ಸೂಚಿಸುವ ಸಂಗತಿ ಅನುಭವಕ್ಕೆ ದೂರವಾದದ್ದಲ್ಲ. ಮೈ ಊರು ಬಿಟ್ಟ ಎಷ್ಟೋ ಹೊತ್ತಿನ ಮೇಲೆ ಮನಸ್ಸು ಊರು ಬಿಡುತ್ತದೆ. ಮೊದಲ ದಿನ ಮನೆಗೆ ಬೀಗ ಹಾಕಿದೆವೋ ಇಲ್ಲವೋ ಎಂಬ ಯೋಚನೆ, ಎರಡನೆಯ ದಿನ ಅಡಿಕೆಯ ಧಾರಣೆ, ಮೂರನೆಯ ದಿನ ಹಿಂದಿರುಗುವ ಬಸ್ಸಿನ ಸಮಯ. ಸಡಿಲವಾಗುವ ಮುನ್ನವೇ ಮತ್ತೆ ಬಿಗಿಯುವ ಗಂಟು ಇದು.

ಕಡಲು ಈ ಗಂಟನ್ನು ಬಿಡಿಸಲು ನೆರವಾಗುವುದಕ್ಕೆ ಅದರ ಲಯವೂ ಒಂದು ಕಾರಣವಿರಬೇಕು. ಮಧ್ಯಾಹ್ನ ನೆಲ ಕಾದು ಅದರ ಮೇಲಿನ ಗಾಳಿ ಮೇಲೇರಿದಂತೆ ನೀರಿನ ಕಡೆಯಿಂದ ತಂಪು ಗಾಳಿ ಒಳಬರುತ್ತದೆ. ರಾತ್ರಿ ನೆಲ ಬೇಗ ತಣಿದು ಗಾಳಿ ಮರಳಿ ಕಡಲಿಗೆ ಹೋಗುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ. ನಿನ್ನೆ ಸಂಜೆ ಕೂತಿದ್ದ ಜಾಗ ಇವತ್ತು ಅದೇ ಗಂಟೆಗೆ ಹಾಗೆಯೇ ಇರುವುದಿಲ್ಲ. ಗಡಿಯಾರಕ್ಕೆ ಹೊಂದದ ಈ ಹೊತ್ತಿನ ಲೆಕ್ಕ ಮೈಗೆ ಹತ್ತಬೇಕಾದರೆ ಒಂದೇ ಕಡೆ ನಾಲ್ಕಾರು ದಿನವಾದರೂ ನಿಲ್ಲಬೇಕು.

ಅಡುಗೆಮನೆಯ ರಜೆ

ಕುಟುಂಬದ ರಜೆಯೆಂದಾಗ ಅದು ಕುಟುಂಬದಲ್ಲಿ ಯಾರಿಗೆ ರಜೆ ಎಂದು ಕೇಳಬೇಕಾಗುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಹೆಂಗಸಿಗೆ ವಿಶ್ರಾಂತಿಯ ಜಾಗವೆಂದರೆ ತವರುಮನೆ. ಬೇಸಿಗೆಯಲ್ಲಿ ಮಕ್ಕಳೊಂದಿಗೆ ತವರಿಗೆ ಬಂದ ಮಗಳಿಗೆ ನಾಲ್ಕು ದಿನ ತಡವಾಗಿ ಏಳುವ ಸ್ವಾತಂತ್ರ್ಯವಿತ್ತು. ಆಗ ಒಲೆಯ ಮುಂದೆ ಇರುತ್ತಿದ್ದವರು ಅವಳ ತಾಯಿ, ಅತ್ತಿಗೆ. ಒಬ್ಬಳ ಬಿಡುವು ಇನ್ನೊಬ್ಬಳ ದುಡಿಮೆ.

ಪ್ರವಾಸದ ಆರಂಭದ ದಶಕಗಳಲ್ಲೂ ಅಡುಗೆಮನೆ ಗಂಟುಕಟ್ಟಿಕೊಂಡು ಜೊತೆಗೇ ಬರುತ್ತಿತ್ತು. ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಕಟ್ಟಿದ ಚಪಾತಿ, ಪುಳಿಯೋಗರೆ, ಚಟ್ನಿಪುಡಿ, ಮಜ್ಜಿಗೆ ಮೆಣಸಿನಕಾಯಿ. ಛತ್ರದ ಮೂಲೆಯಲ್ಲಿ ಹಚ್ಚುವ ಸೀಮೆಎಣ್ಣೆ ಸ್ಟೌ. ಮಕ್ಕಳು ನೀರಿನಲ್ಲಿರುವಾಗ ಅವರ ಬಟ್ಟೆ, ಚಪ್ಪಲಿ, ಗಂಡಸರ ಕೈಗಡಿಯಾರ ಕಾಯುತ್ತ ದಂಡೆಯಲ್ಲಿ ಕೂರುವುದೂ ತಾಯಿಯ ಕೆಲಸವೇ. ಈ ಭಾರ ತುಸು ಇಳಿದದ್ದು ಕ್ಷೇತ್ರಗಳ ಅನ್ನದಾನದಿಂದ ಮತ್ತು ಅಗ್ಗದ ಊಟದ ಹೋಟೆಲುಗಳಿಂದ. ತಾನು ಬಡಿಸದ ಎಲೆಯ ಮುಂದೆ ಕೂತು ಉಣ್ಣುವ ಭಾಗ್ಯ ಎಷ್ಟೋ ಗೃಹಿಣಿಯರಿಗೆ ದೊರೆತದ್ದು ಇಂಥ ಪ್ರವಾಸಗಳಲ್ಲಿ. ಅಲೆಯ ಸೊಬಗಿಗಿಂತ ಅದೇ ದೊಡ್ಡ ವಿರಾಮವಾಗಿದ್ದರೆ ಆಶ್ಚರ್ಯವಿಲ್ಲ.

ದಂಡೆಯ ಒಡೆಯರು

ಘಟ್ಟದ ಮೇಲಿನವರಿಗೆ ವಿಹಾರದ ಜಾಗವಾಗಿ ಕಾಣುವ ಮರಳು, ಕರಾವಳಿಯವರಿಗೆ ಹೊಲವೂ ಹೌದು, ಕಣವೂ ಹೌದು. ಮೀನು ಒಣಗುವುದು ಅಲ್ಲಿ, ಬಲೆ ಹೆಣೆಯುವುದು ಅಲ್ಲಿ. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ ಈ ಕರಾವಳಿಯ ಹೆಗ್ಗುರುತಾಗಿತ್ತು. 1970ರ ದಶಕದ ನಡುಭಾಗದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದು, ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗುಂಪಾಯಿತು. ಕೆಲವೆಡೆ ಸಣ್ಣ ಕೈರಂಪಣಿಗಳು ಇಂದಿಗೂ ಉಂಟು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿ ಓದಿದವರಿಗೆ ಕಡಲಿಗೂ ಹಿನ್ನೀರಿಗೂ ನಡುವಿನ ಕೋಡಿ ಗ್ರಾಮದ ಬದುಕು ಎಷ್ಟು ಕಷ್ಟದ್ದೆಂಬುದು ಗೊತ್ತು. ಅಲ್ಲಿಯ ಹೆಂಗಸರಿಗೆ ಕಡಲು ಹಗಲಿರುಳು ಕೇಳುವ ಮೊರೆತವೇ ಹೊರತು ವಿಹಾರದ ತಾಣವಲ್ಲ.

ಈಚಿನ ದಶಕಗಳಲ್ಲಿ ದಂಡೆಗೆ ಹಕ್ಕುದಾರರು ಹೆಚ್ಚಿದ್ದಾರೆ. ಕಾರವಾರದ ದಕ್ಷಿಣದ ತೀರಗಳು ನೌಕಾನೆಲೆಗೆ ಹೋದವು. ಅಲ್ಲಿಯ ಊರುಗಳು ಎತ್ತಂಗಡಿಯಾದವು. 2005ರಲ್ಲಿ ಆ ನೆಲೆ ಕಾರ್ಯಾರಂಭ ಮಾಡಿತು. ಉಳ್ಳಾಲದಂಥ ಕಡೆ ಕೊರೆತಕ್ಕೆ ಅಡ್ಡವಾಗಿ ಕಲ್ಲಿನ ರಾಶಿ ಸುರಿದು ಮರಳೇ ಕಾಣದಂತಾಗಿದೆ. ಇನ್ನೊಂದು ಕಡೆ, ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳು ಸ್ವಚ್ಛತೆ, ಸುರಕ್ಷತೆಗಳಿಗಾಗಿ 2020ರಲ್ಲಿ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಪಡೆದವು. ಬೀರೂರಿನ ಹೆದ್ದಾರಿ ಮುಗಿಯುವಲ್ಲಿ ಶರಾವತಿಯ ಸೇತುವೆ ದಾಟಿದರೆ ಸಿಗುವುದು ಇದೇ ಕಾಸರಕೋಡು.

ಕೆರೆಯ ಈಜು ಕಡಲಿಗೆ ಸಾಲದು

ಹಿಂದಿನವರ ‘ಮುಟ್ಟಬಾರದು’ ಎಂಬ ನಿಯಮದಲ್ಲಿ ಧರ್ಮದಷ್ಟೇ ವಿವೇಕವೂ ಇತ್ತೆಂದು ಅನ್ನಿಸುವಂಥ ಘಟನೆಗಳು ಪ್ರತಿವರ್ಷ ನಡೆಯುತ್ತಿವೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಒಳನಾಡಿನ ಮಕ್ಕಳು ಅವರು. ಕೆರೆ, ಬಾವಿಯಲ್ಲಿ ಈಜು ಕಲಿತವರಿಗೂ ಕಡಲು ಬೇರೆಯೇ ಪಾಠ.

ಅಲೆಗಳು ದಡಕ್ಕೆ ತಂದು ರಾಶಿ ಹಾಕುವ ನೀರು ಹಿಂದಿರುಗಲೇಬೇಕು. ಅದು ಅನೇಕ ವೇಳೆ ಮರಳ ದಿಣ್ಣೆಗಳ ನಡುವಿನ ಇಕ್ಕಟ್ಟಾದ ಹಾದಿಯಲ್ಲಿ ರಭಸದಿಂದ ಹಿಂದೆ ಸರಿಯುತ್ತದೆ. ಈ ಸೆಳವಿರುವ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆಯಾದ್ದರಿಂದ ಹೊಸಬರಿಗೆ ಅದೇ ಶಾಂತವಾದ, ಇಳಿಯಲು ಯೋಗ್ಯವಾದ ಜಾಗವೆಂದು ತೋರುತ್ತದೆ. ಸೆಳವಿಗೆ ಸಿಕ್ಕವರು ದಡದ ಕಡೆಗೇ ಎದುರೀಜಲು ಹೋಗಿ ಸೋತು ಮುಳುಗುತ್ತಾರೆ. ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳವು ತಪ್ಪಿದ ಮೇಲೆ ದಡಕ್ಕೆ ಬರುವುದು ಉಪಾಯ. ಈಜು ಬಾರದವರು ಮೊಣಕಾಲಿನ ಆಚೆ ಹೋಗದಿರುವುದು, ಜೀವರಕ್ಷಕರಿರುವ ಕಡೆ ಮಾತ್ರ ಇಳಿಯುವುದು, ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೀರಿಗೆ ಇಳಿಯದಿರುವುದು ಅದಕ್ಕಿಂತ ದೊಡ್ಡ ಉಪಾಯ. ಇಲ್ಲಿಯೂ ಅವಸರವೇ ಶತ್ರು. ಮುಕ್ಕಾಲು ಗಂಟೆಯಲ್ಲಿ ಕಡಲನ್ನು ಪೂರ್ತಿ ಅನುಭವಿಸಬೇಕೆಂದು ನುಗ್ಗುವವರಿಗೆ ಅದರ ಸ್ವಭಾವ ನೋಡುತ್ತ ನಿಲ್ಲುವ ವ್ಯವಧಾನವಿರುವುದಿಲ್ಲ. ಊರಿನ ಮೀನುಗಾರರನ್ನು ಒಂದು ಮಾತು ಕೇಳುವ ವ್ಯವಧಾನವೂ ಇರುವುದಿಲ್ಲ.

ಎರಡು ರಜೆಗಳು

ಮೇ ತಿಂಗಳ ಕೊನೆಗೆ ಶಾಲೆಗಳು ತೆರೆಯುತ್ತವೆ. ಘಟ್ಟದ ಮೇಲಿನ ಕುಟುಂಬಗಳು ವ್ಯಾನು ಹತ್ತಿ ಹಿಂದಿರುಗುತ್ತವೆ. ಕರಾವಳಿಯ ಹೋಟೆಲಿನ ಮಾಣಿಗೆ, ವಸತಿಗೃಹದ ಕೋಣೆ ಗುಡಿಸುವ ಹೆಂಗಸಿಗೆ, ದಂಡೆಯಲ್ಲಿ ಚುರುಮುರಿ ಮಾರುವವನಿಗೆ ಆವರೆಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಬೇರೆಯವರ ರಜೆಯೇ ಅವರ ಸುಗ್ಗಿ. ಬೀರೂರು, ಅಜ್ಜಂಪುರದ ತೋಟ ಹೊಲಗಳಲ್ಲಿ ದಿನಗೂಲಿಗೆ ದುಡಿಯುವವರ ಪಾಲಿಗೆ ಇಂದಿಗೂ ದುಡಿಯದ ದಿನವೆಂದರೆ ಕೂಲಿಯಿಲ್ಲದ ದಿನ. 1936ರಲ್ಲಿ ಫ್ರಾನ್ಸಿನ ಕಾರ್ಮಿಕರಿಗೆ ದೊರೆತದ್ದು ಅವರಿಗೆ ಇನ್ನೂ ದೊರೆತಿಲ್ಲ. ಕಡಲು ದೂರವೆನ್ನುವ ಮಾತು ಅವರ ಮಟ್ಟಿಗೆ ಇನ್ನೂ ನಿಜ. ಆ ದೂರವನ್ನು ಈಗ ಅಳೆಯಬೇಕಾದದ್ದು ಕಿಲೋಮೀಟರಿನಲ್ಲಲ್ಲ, ದಿನಗಳ ಲೆಕ್ಕದಲ್ಲಿ.

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕ ಕರಾವಳಿಯಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿಹಾಕುವ ಕಾಲವೂ ಹೌದು, ಕಡಲು ಕೆರಳುವ ಕಾಲವೂ ಹೌದು. ಮಲ್ಪೆಯ ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ದೂರದ ಊರುಗಳಿಂದ ಬಂದ ಕೆಲಸಗಾರರು ಮನೆಗೆ ತೆರಳುತ್ತಾರೆ; ಉಳಿದವರು ಮಳೆಯ ಸದ್ದು ಕೇಳುತ್ತ ಬಲೆಯ ಹರಕು ಹೊಲಿಯುತ್ತಾರೆ. ಘಟ್ಟದ ಮೇಲಿನವರ ರಜೆ ಮುಗಿಯುವಾಗ ಕಡಲಿನವರ ಬಿಡುವು ಆರಂಭವಾಗುತ್ತದೆ. ಒಂದೇ ದಂಡೆಯ ಮೇಲಿನ ಈ ಎರಡು ವಿಶ್ರಾಂತಿಗಳು ಒಂದನ್ನೊಂದು ಭೇಟಿಯಾಗುವುದೇ ಇಲ್ಲ.